ಗಾಜಿನ ಮುಖ, ಫರಸಿಯ ನೆಲ

ಹೈದರಾಬಾದಿನಲ್ಲಿ ಬಾಡಿಗೆ ಮನೆ ಹುಡುಕುವಾಗ ‘ಮನೆ ಸ್ವಲ್ಪ ಹಳೇದು, ನೆಲಕ್ಕೆ ಶಾಬಾದ್ ಬಂಡೆ’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಬ್ರೋಕರ್ ಹಾಗೆ ಹೇಳುವುದು ಬಾಡಿಗೆ ಯಾಕೆ ಕಡಿಮೆ ಎಂದು ವಿವರಿಸಲಿಕ್ಕೆ. ಥಳಥಳಿಸುವ ಟೈಲ್ಸ್ ಹಾಕಿದ ಮನೆಗೆ ಒಂದು ದರ, ಕಲ್ಲು ಹಾಸಿದ ಮನೆಗೆ ಇನ್ನೊಂದು ದರ. ಆ ‘ಶಾಬಾದ್’ ಎಂದರೆ ಕಲಬುರಗಿ ಜಿಲ್ಲೆಯ ನಮ್ಮ ಶಹಾಬಾದ್ ಎಂಬುದು ಬ್ರೋಕರನಿಗೆ ಗೊತ್ತಿರುವುದಿಲ್ಲ. ಮನೆ ನೋಡಲು ಹೋದ ಕನ್ನಡಿಗನಿಗೂ ಎಷ್ಟೋ ಸಲ ಹೊಳೆಯುವುದಿಲ್ಲ. ಕೆಲಸ ಹುಡುಕಿಕೊಂಡು ನಾವು ಇಲ್ಲಿಗೆ ಬರುವುದಕ್ಕೆ ಬಹಳ ಮೊದಲೇ ನಮ್ಮೂರಿನ ಕಲ್ಲು ಇಲ್ಲಿಗೆ ಬಂದು ನೆಲವಾಗಿತ್ತು.

ನಾನು ಚಿತ್ತಾಪುರ ತಾಲ್ಲೂಕಿನವನು. ಹದಿನಾಲ್ಕು ವರ್ಷಗಳಿಂದ ಹೈದರಾಬಾದಿನಲ್ಲಿ ಕಟ್ಟಡಗಳ ಹವಾನಿಯಂತ್ರಣ ವಿನ್ಯಾಸದ ಕೆಲಸದಲ್ಲಿದ್ದೇನೆ. ಸರಳವಾಗಿ ಹೇಳಬೇಕೆಂದರೆ, ಒಂದು ಕಟ್ಟಡಕ್ಕೆ ಎಷ್ಟು ಟನ್ ಎಸಿ ಬೇಕು ಎಂದು ಲೆಕ್ಕ ಹಾಕುವುದು ನನ್ನ ಉದ್ಯೋಗ. ವಾಸ್ತುಶಿಲ್ಪಿ ಬಿಡಿಸಿದ ನಕ್ಷೆ ಮೇಜಿಗೆ ಬಂದಾಗ ನಾವು ಮೊದಲು ನೋಡುವುದು ಎರಡೇ ಸಂಗತಿ: ಗಾಜು ಎಷ್ಟಿದೆ, ಯಾವ ದಿಕ್ಕಿಗಿದೆ.

ಜಾಗತೀಕರಣದಿಂದ ಊರುಗಳ ಗುರುತು ಅಳಿಸಿಹೋಗುತ್ತಿದೆ ಎಂಬ ಚರ್ಚೆ ಬಂದಾಗಲೆಲ್ಲ ಮಾತು ಗುಮ್ಮಟ, ಕಮಾನು, ಗೋಪುರಗಳ ಸುತ್ತಲೇ ತಿರುಗುತ್ತದೆ. ನನ್ನ ಕಸುಬು ಕಲಿಸಿದ್ದು ಬೇರೆ. ಕಟ್ಟಡವೊಂದು ತಾನು ನಿಂತ ನಾಡಿನ ಬಿಸಿಲನ್ನು ಹೇಗೆ ತಡೆಯುತ್ತದೆ, ಅದಕ್ಕೆ ಯಾವ ಕಲ್ಲು ಮಣ್ಣನ್ನು ಬಳಸುತ್ತದೆ ಎಂಬುದರಲ್ಲಿ ಆ ನಾಡಿನ ಗುರುತು ಉಳಿಯುತ್ತದೆ. ಮುಂಭಾಗದ ಅಲಂಕಾರ ಆಮೇಲಿನ ಮಾತು.

ಒಂದೇ ಕಲ್ಲು, ಎರಡು ಹೆಸರು

ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯವರೆಗೆ ನೆಲದಡಿಯಲ್ಲಿ ಸುಣ್ಣದಕಲ್ಲಿನ ಪದರಗಳು ಹಬ್ಬಿವೆ. ಭೂವಿಜ್ಞಾನಿಗಳು ಇವನ್ನು ಭೀಮಾ ಶಿಲಾಸಮೂಹ ಎನ್ನುತ್ತಾರೆ. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುವ ಈ ಕಲ್ಲನ್ನು ಉಳಿ, ಸುತ್ತಿಗೆಯಿಂದಲೇ ಹಲಗೆ ಹಲಗೆಯಾಗಿ ಎಬ್ಬಿಸಬಹುದು. ಗಡಿಯ ಆಚೆ ತೆಗೆದರೆ ಶಹಾಬಾದ್ ಕಲ್ಲು, ಈಚೆ ತೆಗೆದರೆ ತಾಂಡೂರು ಕಲ್ಲು. ನಮ್ಮ ಮನೆಗಳಲ್ಲಿ ಎರಡಕ್ಕೂ ಫರಸಿ ಎಂದೇ ಹೆಸರು. ಕ್ವಾರಿಗಳ ಸುತ್ತಲಿನ ಊರುಗಳಲ್ಲಿ ಗೋಡೆ, ಬೇಲಿ, ಮಾಡು ಎಲ್ಲಕ್ಕೂ ಇದೇ ಕಲ್ಲು.

1956ರ ನವೆಂಬರ್ 1ಕ್ಕೆ ಮೊದಲು ಇದು ಒಂದೇ ರಾಜ್ಯದ ಕಲ್ಲಾಗಿತ್ತು. ಕಲಬುರಗಿ, ಬೀದರ್, ರಾಯಚೂರು ಮೂರೂ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು. 1874ರಲ್ಲಿ ವಾಡಿ–ಸಿಕಂದರಾಬಾದ್ ರೈಲು ಮಾರ್ಗ ಶುರುವಾಯಿತು. ಶಹಾಬಾದ್ ಇರುವುದು ವಾಡಿಯ ಹತ್ತಿರವೇ. ತಾಂಡೂರು ಇರುವುದು ಸಿಕಂದರಾಬಾದಿನ ದಾರಿಯಲ್ಲಿ. ಕಲ್ಲು ಸಿಗುವ ಊರುಗಳು ಹಳಿಯ ಒಂದು ತುದಿಯಲ್ಲಿ, ಅದನ್ನು ಕೊಳ್ಳುವ ರಾಜಧಾನಿ ಇನ್ನೊಂದು ತುದಿಯಲ್ಲಿ. ಹೈದರಾಬಾದಿನ ಹಳೆಯ ಶಾಲೆ, ಕಚೇರಿ, ಅಂಗಡಿ, ಮನೆಗಳ ನೆಲ ಬೂದು ಬಣ್ಣದ್ದಾಗಿರುವುದು ಹೀಗೆ.

ಫರಸಿ ಬೇಸಿಗೆಯಲ್ಲೂ ತಣ್ಣಗಿರುವುದರ ಹಿಂದೆ ಪವಾಡವೇನಿಲ್ಲ. ದಪ್ಪ ಕಲ್ಲು ಮತ್ತು ಅದರಡಿಯ ಮಣ್ಣು ನಿಧಾನವಾಗಿ ಕಾಯುತ್ತವೆ. ಮೈ ಸೋಕಿದ ತಕ್ಷಣ ಕಲ್ಲು ನಮ್ಮ ಮೈಶಾಖವನ್ನು ಎಳೆದುಕೊಳ್ಳುತ್ತದೆ. ಲಿಂಬೆ, ಹುಣಸೆ ರಸ ಬಿದ್ದರೆ ಕಲೆ ನಿಲ್ಲುತ್ತದೆ ಎಂಬ ದೂರೂ ನಿಜವೇ. ಸುಣ್ಣದಕಲ್ಲಿಗೆ ಹುಳಿ ಆಗಿಬರುವುದಿಲ್ಲ. ಆದರೆ ಹೆಚ್ಚು ಓಡಾಡಿದಷ್ಟೂ ನುಣುಪಾಗುವ ನೆಲ ಇದು.

ಹೊರಗಿನದು ಬಂದದ್ದು ಇದೇ ಮೊದಲಲ್ಲ

ಹಾಗೆಂದು ದಖ್ಖನಿನ ಕಟ್ಟಡ ಪರಂಪರೆ ಬಾಗಿಲು ಹಾಕಿಕೊಂಡು ಬೆಳೆದದ್ದಲ್ಲ. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಪ್ರಾಂತ್ಯದಿಂದ ಬಂದವನು. ನಡುವೆ ಅಂಗಳ, ಸುತ್ತ ಎತ್ತರದ ಕಮಾನು, ಮೈತುಂಬ ಬಣ್ಣದ ಹೆಂಚು. ಆ ಯೋಜನೆಯೆಲ್ಲ ಇರಾನ್, ಮಧ್ಯ ಏಷ್ಯಾದ್ದು. ಅದೇ ಊರಿನ ಕೋಟೆಯ ರಂಗೀನ್ ಮಹಲಿನಲ್ಲಿ ಇರಾನಿ ಹೆಂಚಿನ ಕೆಲಸದ ಪಕ್ಕದಲ್ಲೇ ಇಲ್ಲಿನ ಮಾದರಿಯ ಕೆತ್ತನೆಯ ಮರದ ಕಂಬಗಳಿವೆ. ನೆಲದಡಿ ಕಾಲುವೆ ಕೊರೆದು ನೀರು ತರುವ ಕರೇಜ್ ವಿದ್ಯೆಯೂ ಇರಾನಿನದೇ. ಬೀದರಿನಲ್ಲಿ ಅದನ್ನು ಕೆಂಪು ಮುರಕಲ್ಲಿನೊಳಗೆ ಕೊರೆದರು, ಜನ ಸುರಂಗ ಬಾವಿ ಎಂದು ಕರೆದು ತಮ್ಮದಾಗಿಸಿಕೊಂಡರು.

ಗೋಲ್ಕೊಂಡದ ಕುತುಬ್ ಶಾಹಿಗಳು ಇದೇ ಬಹಮನಿ ರಾಜ್ಯದಿಂದ ಕವಲೊಡೆದವರು. ಅವರು 1591ರಲ್ಲಿ ಹೈದರಾಬಾದ್ ಕಟ್ಟುವಾಗ ಎದ್ದ ಚಾರ್‌ಮಿನಾರ್‌ಗೆ ಬಳಸಿದ್ದು ಇಲ್ಲಿಯದೇ ಗ್ರಾನೈಟ್, ಸುಣ್ಣದ ಗಾರೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಊರು ಕೊಚ್ಚಿಹೋದಾಗ ಸಂಸ್ಥಾನ ಕರೆಸಿಕೊಂಡದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ಊರೊಳಗಿನ ದಂಡೆಯಷ್ಟನ್ನೇ ನೋಡದೆ ಅವರು ಮೇಲ್ಭಾಗದ ಜಲಾನಯನವನ್ನು ಅಳೆದು, ಅಲ್ಲಿ ಜಲಾಶಯ ಕಟ್ಟಿ ಎಂದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಹೊರಗಿನಿಂದ ಬಂದ ವೃತ್ತಿಪರ ಮೊದಲು ನೆಲವನ್ನು ಓದಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮೂಸಿಯ ದಂಡೆಯ ಹೈಕೋರ್ಟ್ ಮತ್ತು ಉಸ್ಮಾನಿಯಾ ಆಸ್ಪತ್ರೆ ಇಂಗ್ಲಿಷ್ ವಾಸ್ತುಶಿಲ್ಪಿ ವಿನ್ಸೆಂಟ್ ಎಷ್ ಅವರ ವಿನ್ಯಾಸ. 1939ರಲ್ಲಿ ಉದ್ಘಾಟನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಆರ್ಟ್ಸ್ ಕಾಲೇಜನ್ನು ವಿನ್ಯಾಸ ಮಾಡಿದವರು ಬೆಲ್ಜಿಯಂನ ಅರ್ನೆಸ್ಟ್ ಜಾಸ್ಪರ್, ಅದಕ್ಕೆ ಮೊದಲು ಕೈರೋದಲ್ಲಿ ಕೆಲಸ ಮಾಡಿದವರು. ಆದರೂ ಆ ಗುಲಾಬಿ ಗ್ರಾನೈಟ್ ಕಟ್ಟಡವನ್ನು ಬೆಲ್ಜಿಯಂನದು, ಕೈರೋದ್ದು ಎಂದು ಯಾರೂ ಹೇಳುವುದಿಲ್ಲ. ಅದು ಹೈದರಾಬಾದಿನದು.

ಹೀಗೆ ಶತಮಾನಗಳ ಕಾಲ ಹೊರಗಿನ ಜನ, ಹೊರಗಿನ ವಿದ್ಯೆ ಬರುತ್ತಲೇ ಇದ್ದವು. ಬಂದವರೆಲ್ಲ ಎರಡು ಷರತ್ತಿಗೆ ಒಪ್ಪಲೇಬೇಕಿತ್ತು. ಭಾರದ ಕಲ್ಲನ್ನು ಬಹುಮಟ್ಟಿಗೆ ಹತ್ತಿರದಿಂದಲೇ ತರಬೇಕು. ಎಸಿ ಇಲ್ಲದೆಯೂ ಒಳಗೆ ಕೂರಲು ಆಗಬೇಕು. ಆದ್ದರಿಂದಲೇ ಗೋಡೆ ದಪ್ಪವಾಯಿತು, ಚಾವಣಿ ಎತ್ತರವಾಯಿತು, ಸುತ್ತ ವರಾಂಡ ಬಂತು. ಅಷ್ಟಾದ ಮೇಲೆ ಕಮಾನು ಯಾವ ದೇಶದ್ದಾದರೂ ಕಟ್ಟಡ ಇಲ್ಲಿಯದಾಯಿತು.

ಗಾಜಿನ ಲೆಕ್ಕ

1998ರ ನವೆಂಬರಿನಲ್ಲಿ ಪ್ರಧಾನಿ ವಾಜಪೇಯಿ ಸೈಬರ್ ಟವರ್ಸ್ ಉದ್ಘಾಟಿಸಿದರು. ಆಮೇಲಿನ ಕಾಲು ಶತಮಾನದಲ್ಲಿ ಹೈಟೆಕ್ ಸಿಟಿ, ಗಚ್ಚಿಬೌಲಿ, ನಾನಕ್‌ರಾಮ್‌ಗುಡ ಬೆಳೆದ ಪರಿ ಎಲ್ಲರ ಕಣ್ಣ ಮುಂದಿದೆ. ಸುಮಾರು 250 ಕೋಟಿ ವರ್ಷದ ಗ್ರಾನೈಟ್ ಬಂಡೆಗಳನ್ನು ಸಿಡಿಸಿ ಜಾಗ ಮಾಡಲಾಯಿತು. ಬಂಡೆ ಉಳಿಸಿ ಎಂದು 1996ರಲ್ಲೇ ಇಲ್ಲಿನ ನಾಗರಿಕರು ಸಂಘ ಕಟ್ಟಿಕೊಂಡಿದ್ದರು. ಕೆಲವು ಬಂಡೆಗಳು ಉಳಿದವು, ಬಹಳಷ್ಟು ಜಲ್ಲಿಯಾದವು. ಗಚ್ಚಿಬೌಲಿ ಎಂಬ ಹೆಸರಿನಲ್ಲಿ ನಮ್ಮ ಗಚ್ಚು, ಅಂದರೆ ಸುಣ್ಣದ ಗಾರೆ, ಮತ್ತು ಬೌಲಿ, ಅಂದರೆ ಬಾವಿ, ಎರಡೂ ಕೇಳಿಸುತ್ತವೆ. ಅಲ್ಲಿ ಈಗ ಎರಡನ್ನೂ ಹುಡುಕಿ ನೋಡಬೇಕು.

ಈ ಗೋಪುರಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಇರುವುದು ವಾಸ್ತುಶಿಲ್ಪಿಗೆ ಕಲ್ಪನೆ ಇಲ್ಲವೆಂದಲ್ಲ. ಹೆಚ್ಚಿನವು ಬಾಡಿಗೆಗೆ ಕೊಡಲು ಕಟ್ಟಿದವು. ಅಡಿಪಾಯ ಹಾಕುವಾಗ ಬಾಡಿಗೆಗೆ ಬರುವವರು ಯಾರು, ಯಾವ ದೇಶದ ಕಂಪನಿ ಎಂದು ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲೂ ಸಿಂಗಪುರದಲ್ಲೂ ಅವರು ನೋಡಿದಂಥದ್ದೇ ಇಲ್ಲೂ ಸಿಗಬೇಕು. ಯಾರಿಗಾದರೂ ಆಗಲಿ ಎಂದು ಕಟ್ಟಿದ್ದು ಕೊನೆಗೆ ಯಾವ ಊರಿಗೂ ಸೇರದಂತಾಗುತ್ತದೆ. ಗಾಜು ಹಗುರ, ಬೇಗ ಕೂರಿಸಬಹುದು, ದೂರದಿಂದ ಮಿಂಚುತ್ತದೆ. ಕರೆಂಟ್ ಬಿಲ್ಲು ಕಟ್ಟುವವರು ಬೇರೆಯವರು.

ಒಂದು ಸಣ್ಣ ಲೆಕ್ಕ ನೋಡಿ. ಏಪ್ರಿಲ್ ತಿಂಗಳ ಸಂಜೆ ನಾಲ್ಕರ ಹೊತ್ತಿಗೆ ಪಶ್ಚಿಮದ ಗೋಡೆಯ ಮೇಲೆ ಚದರ ಮೀಟರಿಗೆ 600 ವಾಟ್ ಬಿಸಿಲು ಬೀಳುತ್ತಿದೆ ಎಂದುಕೊಳ್ಳಿ. ಸಾದಾ ಗಾಜು ಅದರಲ್ಲಿ ಸುಮಾರು ಶೇ 80ರಷ್ಟನ್ನು ಒಳಗೆ ಬಿಡುತ್ತದೆ. ಹತ್ತು ಚದರ ಮೀಟರ್ ಗಾಜಿದ್ದರೆ ಒಳಬರುವ ಶಾಖ 4,800 ವಾಟ್. ಒಂದು ಟನ್ ಎಸಿ ಹೊರಹಾಕಬಲ್ಲದ್ದು ಸುಮಾರು 3,500 ವಾಟ್. ಅಂದರೆ ಜನ, ಕಂಪ್ಯೂಟರ್, ದೀಪ ಏನೂ ಇಲ್ಲದ ಖಾಲಿ ಕೋಣೆಗೇ ಒಂದು ಟನ್ ಸಾಲದು. ದುಬಾರಿ ಲೇಪನದ ಜೋಡಿ ಗಾಜು ಹಾಕಿದರೆ 1,500 ವಾಟ್‌ಗೆ ಇಳಿಸಬಹುದು. ಅದೇ ಜಾಗದಲ್ಲಿ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಇದ್ದಿದ್ದರೆ ಸುಮಾರು 500 ವಾಟ್. ಇಷ್ಟು ಗಾಜು ಹಾಕಿದ ಮೇಲೆ ಕಣ್ಣಿಗೆ ಹೊಡೆಯುತ್ತದೆ ಎಂದು ಒಳಗಿನಿಂದ ಪರದೆ ಎಳೆದು, ಹಗಲಲ್ಲೇ ದೀಪ ಹಚ್ಚಿ ಕೂರುವ ಕಚೇರಿಗಳನ್ನು ನೀವೂ ನೋಡಿರುತ್ತೀರಿ, ಬಹುಶಃ ಅಲ್ಲೇ ಕೆಲಸ ಮಾಡುತ್ತಿರುತ್ತೀರಿ. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ 2017ರ ಆವೃತ್ತಿ ಗೋಡೆಯ ಶೇ 40ಕ್ಕಿಂತ ಹೆಚ್ಚು ಗಾಜು ಬೇಡ ಎನ್ನುತ್ತದೆ. ಒಟ್ಟು ಬಳಕೆಯಲ್ಲಿ ಸರಿದೂಗಿಸಿ ತೋರಿಸಿದರೆ ದಾಟಿಹೋಗುವ ದಾರಿಯನ್ನೂ ಕೊಟ್ಟಿದೆ.

ಬೇರೆ ದಾರಿ ಇಲ್ಲವೆಂದಲ್ಲ, ಇದೇ ಊರಿನಲ್ಲಿದೆ. ಸಿಕಂದರಾಬಾದಿನಲ್ಲಿ ಹುಟ್ಟಿದ ಚಾರ್ಲ್ಸ್ ಕೊರಿಯಾ 1960ರ ದಶಕದಲ್ಲೇ ಇಸಿಐಎಲ್ ಕಚೇರಿಯನ್ನು ನೆರಳು, ಅಂಗಳಗಳನ್ನು ಮುಂದಿಟ್ಟುಕೊಂಡು ವಿನ್ಯಾಸ ಮಾಡಿದ್ದರು. ಹೈಟೆಕ್ ಸಿಟಿಯ ಮಗ್ಗುಲಲ್ಲೇ 2004ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದ ಸಿಐಐ–ಸೊಹ್ರಾಬ್ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್ ಇದೆ. ನಡುವೆ ದುಂಡನೆಯ ಅಂಗಳ, ಜಾಲಂಧ್ರದ ಗೋಡೆ, ಗಾಳಿಯನ್ನು ತಂಪಾಗಿಸಿ ಒಳಗೆ ಬಿಡುವ ಗೋಪುರ. ಅಮೆರಿಕದ ಹೊರಗೆ ಲೀಡ್ ಪ್ಲಾಟಿನಂ ಶ್ರೇಣಿ ಪಡೆದ ಮೊದಲ ಕಟ್ಟಡ ಅದು. ಇನ್ಫೊಸಿಸ್ ತನ್ನ ಪೋಚಾರಂ ಆವರಣದಲ್ಲಿ ಒಂದೇ ಕಟ್ಟಡವನ್ನು ಎರಡು ಸಮಭಾಗ ಮಾಡಿ ಪರೀಕ್ಷೆ ನಡೆಸಿತು. ಒಂದು ಭಾಗಕ್ಕೆ ಮಾಮೂಲಿ ಎಸಿ, ಇನ್ನೊಂದಕ್ಕೆ ಕಾಂಕ್ರೀಟ್ ಚಾವಣಿಯೊಳಗೆ ಕೊಳವೆ ಹುದುಗಿಸಿ ತಂಪು ನೀರು ಹರಿಸುವ ವ್ಯವಸ್ಥೆ. ಅಳೆದು ನೋಡಿದಾಗ ಎರಡನೆಯ ಭಾಗ ತಂಪಿಗಾಗಿ ಬಳಸಿದ ವಿದ್ಯುತ್ ಸುಮಾರು ಮೂರನೇ ಒಂದರಷ್ಟು ಕಡಿಮೆ. ಗಾಳಿಗಿಂತ ಹೆಚ್ಚಾಗಿ ಸುತ್ತಲಿನ ಕಲ್ಲನ್ನು ತಣ್ಣಗಿಡುವುದು ಇದರ ಗುಟ್ಟು. ನಮ್ಮ ಫರಸಿಯೂ ಮಾಡುವುದು ಅದನ್ನೇ.

ಗುಮ್ಮಟದಿಂದ ಗುರುತು

ಗಾಜಿನ ಗೋಪುರಕ್ಕೆ ಪ್ರತಿಯಾಗಿ ಸರ್ಕಾರಗಳು ಎತ್ತುವುದು ಗುಮ್ಮಟವನ್ನು. 2023ರ ಏಪ್ರಿಲಿನಲ್ಲಿ ಉದ್ಘಾಟನೆಯಾದ ತೆಲಂಗಾಣದ ಹೊಸ ಸಚಿವಾಲಯದ ಗುಮ್ಮಟಗಳಿಗೆ ನಿಜಾಮಾಬಾದಿನ ನೀಲಕಂಠೇಶ್ವರ ದೇವಾಲಯ, ವನಪರ್ತಿ ಅರಮನೆಗಳ ಸ್ಫೂರ್ತಿ ಎನ್ನಲಾಗಿದೆ. 2014ರಲ್ಲಿ ಹುಟ್ಟಿದ ರಾಜ್ಯಕ್ಕೆ ತನ್ನದೇ ಒಂದು ಮುಖ ಬೇಕೆನಿಸಿದರೆ ನಾವು ನಗುವಂತಿಲ್ಲ. 1956ರಲ್ಲಿ ಮುಗಿದ ವಿಧಾನಸೌಧದ ಹಿಂದೆ ಕೆಂಗಲ್ ಹನುಮಂತಯ್ಯನವರಿಗೂ ಇದ್ದದ್ದು ಇದೇ ಆಸೆ. ಆದರೆ ಹೈದರಾಬಾದಿನಲ್ಲಿ ಆ ಜಾಗದಲ್ಲೇ ಇದ್ದ, ಹತ್ತೊಂಬತ್ತನೇ ಶತಮಾನದ ಸೈಫಾಬಾದ್ ಅರಮನೆಯನ್ನು 2020ರಲ್ಲಿ ಕೆಡವಲಾಯಿತು. ಹೊಸ ವಿಧಾನಸಭೆಗಾಗಿ ಇರ್ರಂ ಮಂಜಿಲ್ ಅರಮನೆಯನ್ನೂ ಕೆಡವಲು ಹೊರಟಾಗ 2019ರಲ್ಲಿ ಹೈಕೋರ್ಟ್ ತಡೆಯಿತು. ಗುರುತನ್ನು ತೋರಿಸಲೆಂದು ಗುರುತನ್ನೇ ಕೆಡವುವ ವಿಚಿತ್ರ ಇದು.

ಶಾಲೆಯಲ್ಲಿ ಕಲಿತ ಅರಿಸಮಾಸ ನೆನಪಿರಬೇಕು. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಎಲ್ಲಿ ಬೆಸೆಯಬಹುದು, ಎಲ್ಲಿ ಬೆಸೆಯಬಾರದು ಎಂಬ ಚರ್ಚೆ ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ದಲ್ಲೇ ಇದೆ. ಹೊರಗಿನ ಪದ ಬರಬಾರದು ಎಂದು ಆ ಕೃತಿ ಹೇಳಲಿಲ್ಲ, ಬೆಸುಗೆ ಸರಿ ಇರಲಿ ಎಂದಿತು. ಪೂರ್ತಿ ಗಾಜಿನ ಗೋಡೆಗೆ ಫೈಬರಿನ ಕಮಾನು ಅಂಟಿಸಿ ‘ದಖ್ಖನಿ ಶೈಲಿ’ ಎನ್ನುವ ಹೋಟೆಲ್, ಅಪಾರ್ಟ್‌ಮೆಂಟ್ ದ್ವಾರಗಳನ್ನು ನೋಡಿದಾಗ ನನಗೆ ಅರಿಸಮಾಸವೇ ನೆನಪಾಗುತ್ತದೆ. ಬೀದರಿನ ಸುರಂಗ ಬಾವಿಯಲ್ಲಿ ಬೆಸುಗೆ ಸರಿಯಾಗಿತ್ತು.

ಆ ಕೃತಿ ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಎಂದರೆ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಹೈದರಾಬಾದಿನ ಕಾಚಿಗುಡದಲ್ಲಿ ಕನ್ನಡಿಗರು ನಡೆಸುವ ಶಾಲೆಗೂ ನೃಪತುಂಗನದೇ ಹೆಸರು. ಮಳಖೇಡ, ಸೇಡಂ, ವಾಡಿಯ ಸುತ್ತ ಈಗ ದೊಡ್ಡ ದೊಡ್ಡ ಸಿಮೆಂಟ್ ಕಾರ್ಖಾನೆಗಳು. ಫರಸಿಯಾಗುತ್ತಿದ್ದ ಅದೇ ಸುಣ್ಣದಕಲ್ಲು ಪುಡಿಯಾಗಿ, ಸುಟ್ಟು, ಚೀಲ ಸೇರುತ್ತದೆ. ಹಲಗೆ ಹಲಗೆಯಾಗಿ ಎಬ್ಬಿಸುವ ಕೈಗಳಿಗೆ ಮಾತ್ರ ಕೆಲಸ ಕಡಿಮೆಯಾಗುತ್ತಿದೆ, ಏಕೆಂದರೆ ನೆಲಕ್ಕೆ ಗುಜರಾತಿನ ಮೋರ್ಬಿಯಿಂದ ಟೈಲ್ಸ್ ಬರುತ್ತದೆ.

ಊರಿಗೆ ಹೋಗುವ ಎಲಿವೇಷನ್

ಇಲ್ಲಿಯವರೆಗೆ ಹೇಳಿದ್ದು ಕಂಪನಿಗಳ, ಸರ್ಕಾರಗಳ ಮಾತು. ಅವರ ಗಾಜನ್ನು ನೀವು, ನಾನು ಬದಲಿಸಲಾಗದು. ಆದರೆ ಸೇಡಂ, ಮಾನ್ವಿ, ಹುಮನಾಬಾದಿನ ಓಣಿಗಳಿಗೆ ಗಾಜನ್ನು ಒಯ್ಯುತ್ತಿರುವವರು ನಾವೇ. ಹೊರಗೆ ದುಡಿಯುವ ಮಗ, ಮಗಳು ಕಳಿಸಿದ ದುಡ್ಡಿನಲ್ಲಿ ಅಪ್ಪ ಅವ್ವನ ಮಾಳಿಗೆ ಮನೆ ಕೆಡವಿ ಹೊಸದು ಕಟ್ಟುವುದು ನಮ್ಮ ಕಡೆ ಈಗ ಪ್ರತಿ ಬೇಸಿಗೆಯ ಸುದ್ದಿ.

ಹೋದ ವರ್ಷ ನಮ್ಮ ಕಾಕಾ ಅವರ ಮನೆ ಕಟ್ಟುವ ಮಾತುಕತೆಗೆ ನಾನೂ ಕೂತಿದ್ದೆ. ಗೌಂಡಿ ಮೊಬೈಲು ತೆಗೆದು ಚಿತ್ರ ತೋರಿಸಿದ: ‘ನೋಡ್ರಿ ಸರ್, ಎಲಿವೇಷನ್ ಹೈದ್ರಾಬಾದ್ ಟೈಪ್ ಮಾಡೂಣು. ಮುಂದ ಪೂರಾ ಗ್ಲಾಸ್.’ ಮನೆಯ ಮುಂಭಾಗ ಪಶ್ಚಿಮಕ್ಕಿದೆ. ‘ಮಧ್ಯಾಹ್ನ ಒಳಗ ಕೂಡ್ಲಿಕ್ಕಿ ಆಗ್ತದೇನಪ್ಪ?’ ಎಂದು ಕೇಳಿದೆ. ‘ಎಸಿ ಹಾಕ್ತೀರಲ್ರಿ’ ಎಂದ. ಅಷ್ಟರಲ್ಲಿ ಕಾಕು ಒಳಗಿನಿಂದ ಒಂದೇ ಮಾತು ಅಂದರು: ‘ಕರೆಂಟ್ ಹೋದ್ರ?’

ಇಡೀ ಚರ್ಚೆಯ ತಿರುಳು ಆ ಪ್ರಶ್ನೆಯಲ್ಲಿದೆ. ನಮ್ಮ ಜಿಲ್ಲೆಗಳಲ್ಲಿ ಬೇಸಿಗೆ 42, 43 ಡಿಗ್ರಿ ದಾಟುತ್ತದೆ. ಹೆಚ್ಚು ಎಸಿ ಓಡುವ ಹೊತ್ತಿನಲ್ಲೇ ಕರೆಂಟ್ ಕೈಕೊಡುತ್ತದೆ. ನಾವು ಇಲ್ಲಿ ಜನರೇಟರ್ ಇರುವ ಅಪಾರ್ಟ್‌ಮೆಂಟಿನಲ್ಲಿರುತ್ತೇವೆ. ನಾವು ಕಟ್ಟಿಸಿಕೊಟ್ಟ ಗಾಜಿನ ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು ಇರುತ್ತಾರೆ. ಹಳೆಯ ಮತ್ತು ಹೊಸ ಕೋಣೆ ಎರಡೂ ಇರುವ ಮನೆಗಳಲ್ಲಿ ಯಾವುದು ತಂಪು ಎಂದು ತಿಳಿಯಲು ಥರ್ಮಾಮೀಟರ್ ಬೇಡ. ಮಧ್ಯಾಹ್ನ ಹಿರಿಯರು ಚಾಪೆ ಹಿಡಿದು ಯಾವ ಕೋಣೆಗೆ ಹೋಗುತ್ತಾರೆ ನೋಡಿದರೆ ಸಾಕು.

ಹಳೆಯ ಮನೆಯಲ್ಲಿ ಎಲ್ಲ ಚೆಂದವಿತ್ತು ಎನ್ನುವುದು ಅಲ್ಲಿ ನೆಲ ಸಾರಿಸದವರ ಮಾತು. ಮಾಳಿಗೆಗೆ ವರ್ಷ ವರ್ಷ ಮಣ್ಣು ಹಾಕಬೇಕು, ಮಳೆಗೆ ಸೋರುತ್ತದೆ, ಚೇಳು ಬೀಳುತ್ತದೆ, ಅಡುಗೆಮನೆಯಲ್ಲಿ ಹೊಗೆ. ಕಟ್ಟೆಯವರೆಗೆ ಯಾರು ಬರಬಹುದು, ಪಡಸಾಲೆಯವರೆಗೆ ಯಾರು ಎಂಬ ಗೆರೆಗಳನ್ನೂ ಆ ಮನೆಗಳು ಹಾಕಿಕೊಂಡಿದ್ದವು. ಅವೆಲ್ಲ ಹೋಗಲಿ. ಕಾಂಕ್ರೀಟ್ ಚಾವಣಿ, ಒಳಗೇ ಬಚ್ಚಲು, ಬೆಳಕಿನ ಅಡುಗೆಮನೆ ಬರಲಿ. ಬಿಸಿಲನ್ನು ತಡೆಯುವ ಬುದ್ಧಿಯನ್ನು ಮಾತ್ರ ಮಣ್ಣಿನ ಜೊತೆ ತಿಪ್ಪೆಗೆ ಹಾಕುವುದು ಬೇಡ.

ಕಾಕಾ ಅವರ ಮನೆಯಲ್ಲಿ ಕೊನೆಗೆ ಆದದ್ದು ಇಷ್ಟು. ಪಶ್ಚಿಮದ ಗಾಜು ಹೋಗಿ ಆ ಕಡೆ ಮೆಟ್ಟಿಲು, ಉಗ್ರಾಣ ಬಂದವು. ದೊಡ್ಡ ಕಿಟಕಿಗಳು ಉತ್ತರಕ್ಕೆ ಸರಿದವು. ಮುಂದೆ ಕಟ್ಟೆ, ಅದರ ಮೇಲೆ ಆಳವಾದ ನೆರಳು ಉಳಿಯಿತು. ಹಳೆಯ ಫರಸಿಗಳನ್ನು ಒಡೆಯದೆ ಎಬ್ಬಿಸಿ ಕೆಳಗಿನ ಅಂತಸ್ತಿಗೆ ಮತ್ತೆ ಹಾಸಿದರು. ಟೈಲ್ಸಿನ ಖರ್ಚೂ ಉಳಿಯಿತು. ಚಾವಣಿಗೆ ಸುಣ್ಣ ಬಳಿದರು. ತೆಲಂಗಾಣ 2023ರಲ್ಲಿ ತಂದ ತಂಪು ಚಾವಣಿ ನೀತಿ 2028ರ ಹೊತ್ತಿಗೆ 300 ಚದರ ಕಿ.ಮೀ. ಚಾವಣಿಯನ್ನು ಹೀಗೆ ಬಿಸಿಲು ಹಿಂದಕ್ಕೆ ಚಿಮ್ಮುವಂತೆ ಮಾಡುವ ಗುರಿ ಇಟ್ಟುಕೊಂಡಿದೆ. ನಮ್ಮ ಅಜ್ಜಿಯಂದಿರು ಇದನ್ನು ಯಾವ ನೀತಿಯೂ ಇಲ್ಲದೆ ಮಾಡುತ್ತಿದ್ದರು. ಮುಂಭಾಗ ಹೈದರಾಬಾದ್ ಟೈಪ್ ಆಗಲಿಲ್ಲ ಎಂದು ಗೌಂಡಿಗೆ ಸ್ವಲ್ಪ ಬೇಜಾರಾಯಿತು, ನಿಜ.

ನಿಮ್ಮ ಊರಿನಲ್ಲೂ ಈ ಮಾತುಕತೆ ನಡೆಯುತ್ತಿರಬಹುದು, ವಾಟ್ಸ್‌ಆ್ಯಪಿನಲ್ಲಿ ಎಲಿವೇಷನ್ ಚಿತ್ರ ಬಂದು ನಿಮ್ಮ ಒಪ್ಪಿಗೆಗೆ ಕಾದಿರಬಹುದು. ಒಪ್ಪುವ ಮೊದಲು ಯುಗಾದಿಗೆ ರಜೆ ಹಾಕಿ ಹೋಗಿ. ಮಧ್ಯಾಹ್ನ ಮೂರಕ್ಕೆ ಫ್ಯಾನ್ ಆರಿಸಿ ಹಳೆಯ ಮನೆಯ ಒಂದೊಂದು ಕೋಣೆಯಲ್ಲೂ ಅರ್ಧ ಗಂಟೆ ಕೂತು ನೋಡಿ. ಯಾವ ಗೋಡೆ ಕಾದಿದೆ, ಯಾವ ಬೆಳಕಿಂಡಿಯಿಂದ ಗಾಳಿ ಬರುತ್ತಿದೆ, ಎಲ್ಲಿ ನೆಲ ತಣ್ಣಗಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅವ್ವನನ್ನೂ ಕೇಳಿ, ಆಕೆಗೆ ನಮಗಿಂತ ಚೆನ್ನಾಗಿ ಗೊತ್ತು. ಆಮೇಲೆ ಆ ಹಾಳೆಯನ್ನು ಗೌಂಡಿಯ ಕೈಗೆ ಕೊಟ್ಟು, ಏನು ಕೆಡವಬೇಕು, ಏನು ಉಳಿಸಬೇಕು ಎಂದು ಹೇಳಿ ಬನ್ನಿ.